ಐದು ಬೀಗ ತೆಗ್ದೋರಿಗೆ ಒಂದು ಬಾಯಿ ಮುಚ್ಚಿಸೋಕೆ ಆಗ್ಲಿಲ್ಲ

ಹೋದ ಸಂಚಿಕೇಲಿ ನಗಿಸೋ ದರೋಡೆ ಸಿನಿಮಾಗಳ ಬಗ್ಗೆ ಬರೀತಾ 1978ರ 'ದಿ ಬ್ರಿಂಕ್ಸ್ ಜಾಬ್' ಹೆಸರು ಒಂದ್ಸಲ ಹೇಳಿದ್ದೆ, ಬಾಸ್ಟನ್‌ನಲ್ಲಿ ನಿಜವಾಗ್ಲೂ ನಡೆದ ದರೋಡೆ ಮೇಲೆ ಮಾಡಿದ್ದು ಅಂತ ಒಂದೇ ಸಾಲು. ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಆ ಒಂದು ಸಾಲಿನ ಬಗ್ಗೇನೇ, ಹಂಗಾಗಿ ಬೇರೆ ಪ್ರಶ್ನೆ ಕಳಿಸಿದವ್ರು ಮುಂದಿನ ಸಂಚಿಕೆವರೆಗೂ ಸ್ವಲ್ಪ ತಾಳ್ಕೊಳಿ.

ಸಿನಿಮಾದಲ್ಲಿ ಕಳ್ಳ ಸ್ಪಾರ್ಕ್ ಪ್ಲಗ್ ಮಾರೋನ ಥರ ಬ್ರಿಂಕ್ಸ್ ಕಂಪ್ನಿ ಒಳಗೆ ಹೋಗಿ ಎಲ್ಲಾ ನೋಡ್ಕೊಂಡ್ ಬರ್ತಾನೆ. ದುಡ್ಡು ಕಾಯೋ ಕಂಪ್ನಿ ಅಷ್ಟೊಂದು ಸಡಿಲ ಇರುತ್ತಾ ಸಾರ್? – ಹಾಸನದ ಓದುಗರು

ಆ ಸ್ಪಾರ್ಕ್ ಪ್ಲಗ್ ವೇಷ ಸಿನಿಮಾದವ್ರದ್ದು ಅಂತಾನೇ ಇಟ್ಕೊಳಿ, ಆದ್ರೆ ನಿಜವಾಗಿ ನಡೆದದ್ದು ಅದಕ್ಕಿಂತ ತಮಾಷೆ. ಟೋನಿ ಪೀನೋ ಗ್ಯಾಂಗು ಒಟ್ಟು ಹನ್ನೊಂದು ಜನ. ಪ್ರಿನ್ಸ್ ಸ್ಟ್ರೀಟಲ್ಲಿದ್ದ ಬ್ರಿಂಕ್ಸ್ ಬಿಲ್ಡಿಂಗಿಗೆ ದರೋಡೆಗೂ ಮುಂಚೆ ಎಷ್ಟೋ ರಾತ್ರಿ ಒಳಗೆ ಹೋಗಿ ಓಡಾಡ್ಕೊಂಡು ಬಂದಿದ್ರು. ದುಡ್ಡಿನವರೆಗೂ ಐದು ಬಾಗಿಲು. ಒಂದೊಂದು ಸಲ ಒಂದೊಂದು ಬೀಗದ ಸಿಲಿಂಡರ್ ಬಿಚ್ಕೊಂಡು ಹೋಗಿ ಕೀ ಮಾಡಿಸಿ, ವಾಪಸ್ ತಂದು ಇದ್ದ ಜಾಗಕ್ಕೇ ಕೂರಿಸೋದು. ಬೀದಿ ಬಾಗಿಲಿನ ಸಿಲಿಂಡರ್ ತೆಗ್ದಾಗ ಮಾತ್ರ ದಾರೀಲಿ ಹೋಗೋರ ಕಣ್ಣಿಗೆ ತೂತು ಕಾಣಬಾರ್ದು ಅಂತ ಬೇರೆ ಒಂದು ಸಿಲಿಂಡರ್ ತಂದು ಅಲ್ಲಿ ತುರುಕಿಟ್ಟು, ಒರಿಜಿನಲ್ ವಾಪಸ್ ಬರೋವರೆಗೂ ಅದನ್ನೇ ಇಟ್ಟಿದ್ರಂತೆ. ನಮ್ಮನೆ ಗೇಟಿನ ಬೀಗ ರಿಪೇರಿಗೆ ತಗೊಂಡು ಹೋದವ್ನು ಇಷ್ಟು ಜವಾಬ್ದಾರಿ ತೋರಿಸಿದ್ರೆ ನಾನು ಹಾರ ಹಾಕ್ತಿದ್ದೆ.

1950ರ ಜನವರಿ 17, ಸಂಜೆ ಏಳು ಗಂಟೆ ಆದ್ಮೇಲೆ ಏಳು ಜನ ಒಳಗೆ ಹೋದ್ರು. ನೇವಿಯವರು ಹಾಕೋಂಥ ಕೋಟು, ಡ್ರೈವರ್ ಟೋಪಿ, ಹ್ಯಾಲೋವೀನ್ ಮುಖವಾಡ, ಸದ್ದಾಗದ ರಬ್ಬರ್ ಶೂ. ಐದು ಜನ ನೌಕರರನ್ನ ನೆಲಕ್ಕೆ ಮಲಗಿಸಿ ಕೈ ಕಟ್ಟಿ ಬಾಯಿಗೆ ಟೇಪ್ ಹಾಕಿದ್ರು. ಅಷ್ಟರಲ್ಲಿ ಬಜರ್ ಹೊಡೀತು. ಯಾರೋ ಅದು ಅಂತ ಒಬ್ಬ ನೌಕರನ ಬಾಯಿಂದ ಟೇಪ್ ಕಿತ್ತು ಕೇಳಿದ್ರೆ, ಗ್ಯಾರೇಜಿನವ್ನು ಅಂದ. ಅವ್ನನ್ನೂ ಹಿಡ್ಕೊಳೋಣ ಅಂತ ಇಬ್ರು ಬಾಗಿಲ ಹತ್ರ ಹೋಗ್ತಾರೆ, ಆ ಪುಣ್ಯಾತ್ಮನಿಗೆ ಒಳಗೆ ಏನು ನಡೀತಿದೆ ಅಂತ ಗೊತ್ತೇ ಇಲ್ಲ, ಸುಮ್ನೆ ತಿರುಗಿ ಹೊರಟೇಹೋದ. ಅರ್ಧ ಗಂಟೆ ಒಳಗೆ ಎಲ್ಲಾ ಮುಗೀತು. ನಗದು 12 ಲಕ್ಷ ಡಾಲರಿಗಿಂತ ಸ್ವಲ್ಪ ಜಾಸ್ತಿ, ಚೆಕ್ಕು ಮನಿ ಆರ್ಡರ್ ಎಲ್ಲಾ ಸೇರಿಸಿದ್ರೆ 27 ಲಕ್ಷ ದಾಟುತ್ತೆ, ಆ ಕಾಲಕ್ಕೆ ಅಮೆರಿಕದಲ್ಲೇ ಅಷ್ಟು ದೊಡ್ಡ ದರೋಡೆ ಆಗಿರ್ಲಿಲ್ಲ.

ನಂಗೆ ಬಹಳ ಇಷ್ಟವಾದ ವಿಷಯ ಅಂದ್ರೆ, ಗಲಾಟೇಲಿ ಒಬ್ಬ ನೌಕರನ ಕನ್ನಡಕ ಬಿದ್ದುಹೋಯ್ತು. ಆಮೇಲೆ ಇಡೀ ಬಿಲ್ಡಿಂಗ್ ಹುಡುಕಿದ್ರೂ ಸಿಗ್ಲಿಲ್ಲ. ದುಡ್ಡು ಬಾಚೋ ಭರದಲ್ಲಿ ಅದನ್ನೂ ಮೂಟೆಗೆ ತುಂಬ್ಕೊಂಡು ಹೋಗಿರ್ಬೇಕು.

ಬಂದೂಕು ತೋರ್ಸಿ ಕಟ್ಟಿಹಾಕಿದ್ದನ್ನ ಕಾಮಿಡಿ ಮಾಡೋದು ಸರಿನಾ? – ಧಾರವಾಡ

ಅವತ್ತು ಗುಂಡು ಹಾರ್ಲಿಲ್ಲ, ಯಾರೂ ಸಾಯ್ಲಿಲ್ಲ, ಅದಕ್ಕೇ ಡೈರೆಕ್ಟರ್ ವಿಲಿಯಂ ಫ್ರೀಡ್ಕಿನ್‌ಗೆ ನಗಿಸೋ ಧೈರ್ಯ ಬಂತು ಅನ್ಸುತ್ತೆ. ಪೀನೋ ಆಗಿರೋ ಪೀಟರ್ ಫಾಕ್ ಮುಖ ನೋಡಿದ್ರೇ ನಗು ಬರುತ್ತೆ, ತಪ್ಪೇನಿಲ್ಲ. ಆದ್ರೆ ದರೋಡೆ ಆದ್ಮೇಲಿನ ಕಥೇಲಿ ನಗೋಕೆ ಏನೂ ಇಲ್ಲ. ಸಿನಿಮಾ ಅದನ್ನ ಬೇಗ ಬೇಗ ಮುಗಿಸಿ, ಕೊನೇಲಿ ಜನ ಕಳ್ಳರಿಗೆ ಜೈಕಾರ ಹಾಕೋದು ತೋರ್ಸುತ್ತಲ್ಲ, ಅಲ್ಲಿ ನಂಗೆ ಸ್ವಲ್ಪ ಇರುಸುಮುರುಸಾಯ್ತು. ಅದರ ಮಧ್ಯೆ ಗ್ಯಾಂಗಿನವ್ನೊಬ್ಬ ಓಕೀಫ್ ಪಾತ್ರದ ವಾರನ್ ಓಟ್ಸ್ ಒಬ್ಬನೇ ಬೇರೆ ಯಾವ್ದೋ ಸೀರಿಯಸ್ ಸಿನಿಮಾದಿಂದ ಬಂದವ್ನ ಥರ ಇದಾನೆ, ಜೈಲಲ್ಲಿ ಅವ್ನು ಕುಸಿಯೋ ಸೀನಿಗೋಸ್ಕರನಾದ್ರೂ ನೋಡಿ.

ಇಷ್ಟು ಪ್ಲಾನ್ ಮಾಡಿದವ್ರು ಸಿಕ್ಕಿಬಿದ್ದದ್ದು ಹೆಂಗೆ? – ಶಿವಮೊಗ್ಗ

ಇವ್ರು ಮಾತಾಡ್ಕೊಂಡಿದ್ದು, ಕೇಸಿನ ಕಾಲಮಿತಿ, ಅಂದ್ರೆ ಕೇಸು ಹಾಕೋಕೆ ಕಾನೂನು ಕೊಟ್ಟಿರೋ ಗಡುವು, ಮುಗಿಯೋವರೆಗೂ ದುಡ್ಡು ಖರ್ಚು ಮಾಡೋಹಾಗಿಲ್ಲ, ಬಾಯಿ ಬಿಡೋಹಾಗಿಲ್ಲ ಅಂತ. ಆರು ವರ್ಷ. ಐದು ತಿಂಗಳಿಗೇ ಗ್ಯಾಂಗಿನ ಓಕೀಫ್, ಗುಸ್ಕಿಯೋರಾ ಇಬ್ರೂ ಪೆನ್ಸಿಲ್ವೇನಿಯಾದಲ್ಲಿ ಅರೆಸ್ಟು. ಯಾಕೆ ಗೊತ್ತಾ, ಅಂಗಡಿ ಕಳ್ಳತನ! ಲಕ್ಷ ಲಕ್ಷ ಹೊಡೆದವ್ರು ಕಾರಲ್ಲಿ ಅಂಗಡಿ ಮಾಲು ಇಟ್ಕೊಂಡು ಸಿಕ್ಕಿಬಿದ್ರು, ಚಟ ಅಂದ್ರೆ ಚಟ. ಓಕೀಫ್ ತನ್ನ ಪಾಲನ್ನ ಗ್ಯಾಂಗಿನವ್ನೊಬ್ಬನ ಹತ್ರ ಇಡೋಕೆ ಕೊಟ್ಟಿದ್ದ, ಅದು ವಾಪಸ್ ಬರ್ಲಿಲ್ಲ. ಲಾಯರಿಗೆ ದುಡ್ಡು ಬೇಕು ಕೊಡ್ರೋ ಅಂತ ಕೇಳ್ದ, ಬೆದರಿಸ್ದ, 1954ರಲ್ಲಿ ಪೀನೋ ಭಾವಮೈದುನ ಕೋಸ್ಟಾನನ್ನೇ ಎತ್ತಾಕ್ಕೊಂಡ್ ಹೋದ. ಅವ್ರು ಕೇಳಿದಷ್ಟು ದುಡ್ಡು ಕೊಡೋ ಬದ್ಲು ಎಲ್ಮರ್ ಬರ್ಕ್ ಅನ್ನೋ ಬಾಡಿಗೆ ಹಂತಕನನ್ನ ಮೆಷಿನ್ ಗನ್ ಕೊಟ್ಟು ಕಳಿಸಿದ್ರು. ಓಕೀಫ್‌ಗೆ ಗುಂಡು ತಾಗ್ತು, ಆದ್ರೆ ಬದುಕ್ಕೊಂಡ.

1956ರ ಜನವರಿ 6ಕ್ಕೆ, ಇನ್ನೊಂದು ಕೇಸಲ್ಲಿ ಜೈಲಲ್ಲಿದ್ದಾಗ, ಎಫ್‌ಬಿಐ ಮುಂದೆ ಅವ್ನು ಎಲ್ಲಾ ಹೇಳ್ಬಿಟ್ಟ. ಆರು ವರ್ಷದ ಗಡುವು ಮುಗಿಯೋಕೆ ಹನ್ನೊಂದೇ ದಿನ ಬಾಕಿ. ಇವ್ರು ಅವ್ನಿಗೆ ಸೇರ್ಬೇಕಾದ್ದು ಕೊಟ್ಟು ಸುಮ್ನಾಗಿದ್ರೆ ಎಲ್ರೂ ಮನೇಲಿರ್ತಿದ್ರು. ಎಂಟು ಜನಕ್ಕೆ ಜೀವಾವಧಿ ಆಯ್ತು. ದುಡ್ಡು? ಸಿಕ್ಕಿದ್ದು 60,000 ಡಾಲರಿಗೂ ಕಮ್ಮಿ.

ನಮ್ಮಲ್ಲೂ ಆರು ವರ್ಷ ಅಡಗಿಕೊಂಡ್ರೆ ಕೇಸು ಬಿದ್ದೋಗುತ್ತಾ? (ಸುಮ್ನೆ ಕೇಳ್ದೆ) – ಮಂಡ್ಯ

ಸುಮ್ನೆ ಕೇಳಿದ್ದಕ್ಕೆ ಸುಮ್ನೆ ಉತ್ತರ: ಬೀಳಲ್ಲ. ನಮ್ಮಲ್ಲಿ ಕಾಲಮಿತಿ ಇರೋದು ಮೂರು ವರ್ಷದವರೆಗೂ ಶಿಕ್ಷೆ ಇರೋ ಸಣ್ಣಪುಟ್ಟ ಅಪರಾಧಕ್ಕೆ. ದರೋಡೆಗೆ ಹತ್ತು ವರ್ಷದವರೆಗೂ ಶಿಕ್ಷೆ ಇದೆ, ಹಂಗಾಗಿ ನೀವು ಮುಪ್ಪಾದ್ಮೇಲೂ ಬಂದು ಬಾಗ್ಲು ತಟ್ಬಹುದು. ಐದು ಜನ, ಇಲ್ಲ ಅದಕ್ಕಿಂತ ಜಾಸ್ತಿ ಸೇರ್ಕೊಂಡ್ರೆ ಅದು ಡಕಾಯಿತಿ, ಜೀವಾವಧಿನೂ ಆಗ್ಬಹುದು. ಫ್ರೆಂಡ್ಸಿಗೂ ಹೇಳ್ಬಿಡಿ.

ಶೂಟಿಂಗ್ ಟೈಮಲ್ಲಿ ಸಿನಿಮಾ ರೀಲನ್ನೇ ಕದ್ರು ಅಂತಾರೆ, ನಿಜಾನಾ? – ಬೆಂಗಳೂರು

ನಿಜ. ಬಾಸ್ಟನ್‌ನಲ್ಲಿ ಎಡಿಟಿಂಗ್ ರೂಮಿಗೆ ಗನ್ ಹಿಡ್ಕೊಂಡು ನುಗ್ಗಿ ರೀಲುಗಳನ್ನ ಎತ್ಕೊಂಡು ಹೋಗಿ, ವಾಪಸ್ ಬೇಕಾದ್ರೆ ದುಡ್ಡು ಕೊಡಿ ಅಂದ್ರು. ಅದರ ಕಾಪಿ ಬೇರೆ ಕಡೆ ಇರುತ್ತೆ ಅನ್ನೋದು ಪಾಪ ಕಳ್ಳರಿಗೆ ಗೊತ್ತಿರ್ಲಿಲ್ಲ.

ಇನ್ನೊಂದು ಕಥೆ ಹೇಳ್ತಾರೆ. ಸಿನಿಮಾ ಕಥೆ ಹಳೇ ಕಾಲದ್ದು, ಆಗ ಮನೆ ಮನೇಲೂ ಎಸಿ ಎಲ್ಲಿಂದ ಬರ್ಬೇಕು, ಬಾಸ್ಟನ್‌ನ ನಾರ್ತ್ ಎಂಡ್ ಬೀದೀಲಿ ಶೂಟಿಂಗಿಗೆ ಒಬ್ರ ಕಿಟಕೀಲಿದ್ದ ಎಸಿ ಅಡ್ಡ ಬಂತು, ತೆಗೀರಿ ಅಂತ ಯೂನಿಟ್ಟಿನವ್ರು ಅವ್ರಿಗೆ ದುಡ್ಡು ಕೊಟ್ರು. ಮಾರನೇ ದಿನ ಬಂದು ನೋಡಿದ್ರೆ ಬೀದಿಯ ಹೆಚ್ಚುಕಮ್ಮಿ ಎಲ್ಲಾ ಕಿಟಕೀಲೂ ಎಸಿ.