ಹಳೇ ವಾಂಡರ್‌ಲಾಡ್ಜ್ ಮೋಟರ್‌ಹೋಮ್, ಅಂದ್ರೆ ಒಳಗೇ ಮನೆ ಇರುವ ಬಸ್ಸು, ಬರೀ 38 ಸಾವಿರ ಮೈಲಿ ಓಡಿದೆಯಂತೆ. ಸ್ಕೂಲ್ ಬಸ್ ಮಾಡುವ ಬ್ಲೂ ಬರ್ಡ್ ಕಂಪನಿಯ ಗಾಡಿ ಅಂದ್ಮೇಲೆ ಕಣ್ಣು ಮುಚ್ಚಿ ಕೊಳ್ಳಬಹುದಾ?

ಬೇಡ. ನಾನು ಕೊಂಡಿದ್ದೆ, ಕಣ್ಣು ಮುಚ್ಚಿಯೇ. 1984ರ ಗಾಡಿ, 41 ಸಾವಿರ ಮೈಲಿ, ಅಮೆರಿಕದ ಜಾರ್ಜಿಯಾದಲ್ಲಿ ಒಬ್ಬ ಹಿರಿಯರ ಶೆಡ್ಡಿನಲ್ಲಿ ನಿಂತಿತ್ತು.

ಅವರು ಗಾಡಿ ತೋರಿಸುವ ಮೊದಲು ಬ್ಲೂ ಬರ್ಡ್ ಕಂಪನಿಯ ಕಥೆ ಹೇಳಿದರು, ನಾನು ಅಲ್ಲೇ ಬಿದ್ದೆ. ಅಲ್ಲಿನ ಫೋರ್ಟ್ ವ್ಯಾಲಿ ಊರಲ್ಲಿ ಫೋರ್ಡ್ ಕಾರು ಮಾರುತ್ತಿದ್ದ ಆಲ್ಬರ್ಟ್ ಲೂಸ್ ಒಬ್ಬ ಗಿರಾಕಿಗೆ ಮರದ ಬಾಡಿಯ ಬಸ್ ಕೊಟ್ಟರು. ಗಿರಾಕಿಯ ಸಾಲ ತೀರುವ ಮೊದಲೇ ಬಾಡಿ ಬಿಚ್ಚಿಕೊಳ್ಳತೊಡಗಿತು. ಅದಕ್ಕೇ 1927ರಲ್ಲಿ ಉಕ್ಕಿನ ಗೂಡಿನ ಬಸ್ ಕಟ್ಟಿದರು. ಅದೇ ಕಂಪನಿ 1963ರಲ್ಲಿ ಅಂಥದೇ ಗೂಡಿನೊಳಗೆ ಮಂಚ, ಅಡುಗೆಮನೆ, ಬಚ್ಚಲು ಇಟ್ಟು ದುಡ್ಡಿರುವವರಿಗೆ ಮಾರಲು ಹೊರಟಿತು. ಅದೇ ವಾಂಡರ್‌ಲಾಡ್ಜ್. ಕಥೆಯೆಲ್ಲ ನಿಜ, ಗೂಡಿನ ಬಗ್ಗೆ ನನಗೆ ಇವತ್ತಿಗೂ ಒಂದು ದೂರಿಲ್ಲ.

ತಪ್ಪು ಮಾಡಿದ್ದು ಟೈರಿನಲ್ಲಿ. ಗ್ರೂವ್ ಎಷ್ಟು ಆಳ ಉಳಿದಿದೆ ಅಂತ ಅದರೊಳಗೆ ಕಾಸು ಇಟ್ಟು ನೋಡಿದೆ, ಅರ್ಧ ಮುಳುಗಿತು. ಪಾಲಿಶ್ ಹಾಕಿ ಕರ್ರಗೆ ಮಿಂಚುತ್ತಿದ್ದವು. ಹೊಸದರಂತಿವೆ ಅಂದುಕೊಂಡೆ. ಟೈರಿನ ಪಕ್ಕದಲ್ಲಿ DOT (ಡಾಟ್) ಅನ್ನೋ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ, ಅದರ ಕೊನೆಯ ನಾಲ್ಕು ಅಂಕಿ ನೋಡಬೇಕು. 2304 ಅಂದ್ರೆ 2004ರ 23ನೇ ವಾರ ತಯಾರಾದದ್ದು. ಬರೀ ಮೂರೇ ಅಂಕಿ ಇದ್ದರೆ 2000ಕ್ಕೂ ಹಿಂದಿನದು, ಮುಟ್ಟಲೇಬೇಡಿ. ನಾನು ಸಾಲು ಹುಡುಕಿದೆ, ಹೊರಮೈಯಲ್ಲಿ ಅರ್ಧ ಮಾತ್ರ ಇತ್ತು, ತಾರೀಕಿಲ್ಲ. ಪೂರ್ತಿ ಸಾಲು ಒಂದೇ ಮೈಯಲ್ಲಿ ಇದ್ದರೂ ಸಾಕು ಅನ್ನುತ್ತದೆ ಅಮೆರಿಕದ ನಿಯಮ. ತಿರುಗಿಸಿ ಹಾಕಿದ್ದರೆ ಅದು ಒಳಗೆ ಹೋಗುತ್ತದೆ. ಗಾಡಿ ಕೆಳಗೆ ತೂರಿ ನೋಡಬೇಕಿತ್ತು. ಇಸ್ತ್ರಿ ಮಾಡಿದ ಶರ್ಟ್ ಹಾಕಿದ್ದೆ, ಸುಮ್ನೆ ಎದ್ದು ಬಂದೆ. ಆ ಶರ್ಟಿನ ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕೊಂಡ ಮೂರನೇ ವಾರ ಇಂಟರ್‌ಸ್ಟೇಟ್ 75 ಹೆದ್ದಾರಿಯಲ್ಲಿ, ಮೇಕನ್ ಊರು ದಾಟಿದ ಮೇಲೆ, ಎಡಗಡೆ ಮುಂದಿನ ಟೈರ್ ಢಂ ಅಂತು. ಹತ್ತು ಟನ್ ದಾಟಿದ ಗಾಡಿ ಎಡಕ್ಕೆ ಎಳೆಯಿತು. ಅಂಥ ಹೊತ್ತಲ್ಲಿ ಬ್ರೇಕ್ ಒತ್ತಬಾರದು, ಸ್ಟೀರಿಂಗ್ ಬಿಗಿಯಾಗಿ ಹಿಡಿದು ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. ನಾನು ಒತ್ತಿದೆ, ಹೇಗೋ ಬದುಕಿದೆ. ಹರಿದ ರಬ್ಬರ್ ಪಟ್ಟಿ ಬ್ರೇಕಿನ ಗಾಳಿ ಪೈಪನ್ನೂ ಕಿತ್ತಿತ್ತು. ಗಾಳಿ ಇಳಿದಂತೆ ಬಜರ್ ಕೂಗಿತು, ಆಮೇಲೆ ಹಿಂದಿನ ಬ್ರೇಕ್ ತಾನಾಗೇ ಕಚ್ಚಿಕೊಂಡಿತು. ಟೋಯಿಂಗ್ ಲಾರಿಗೇ 900 ಡಾಲರ್, ಆರು ಟೈರಿನ ಲೆಕ್ಕ ಬೇರೆ. ಚಿಂದಿಯಲ್ಲಿ ತಾರೀಕು ಸಿಕ್ಕಿತು. ಟೈರಿಗೆ 11 ವರ್ಷ ವಯಸ್ಸಾಗಿತ್ತು.

ಹಾಗಾಗಿ ನಿಮ್ಮ 38 ಸಾವಿರ ಮೈಲಿ ನನಗೆ ಒಳ್ಳೆ ಸುದ್ದಿಯಾಗಿ ಕಾಣುತ್ತಿಲ್ಲ. ಸ್ಕೂಲ್ ಬಸ್ ಗಟ್ಟಿ ಅನ್ನಿಸುವುದು ಅದು ದಿನಾ ಓಡುತ್ತದೆ, ದಿನಾ ಯಾರೋ ನೋಡುತ್ತಾರೆ ಅಂತ. ಮೋಟರ್‌ಹೋಮ್ ನಿಂತಲ್ಲೇ ಸಾಯುತ್ತದೆ. ಟೈರ್, ಹೋಸ್, ಬೆಲ್ಟ್, ಕಿಟಕಿಯ ಸೀಲ್, ಇವಕ್ಕೆಲ್ಲ ಮೈಲಿ ಲೆಕ್ಕಕ್ಕಿಲ್ಲ, ವರ್ಷವೇ ಲೆಕ್ಕ. ಒಂದು ಲಕ್ಷ ಮೈಲಿ ಓಡಿ, ಜೊತೆಗೆ ದಪ್ಪ ಫೈಲ್ ತುಂಬ ರಿಪೇರಿ ಬಿಲ್ ಇರುವ ಗಾಡಿ ಸಿಕ್ಕರೆ ನಾನು ಅದನ್ನೇ ತಗೋತೀನಿ. ವಾಂಡರ್‌ಲಾಡ್ಜ್ ತಯಾರಿಕೆ 2009ರ ಹೊತ್ತಿಗೆ ನಿಂತೇ ಹೋಯಿತು, ಹಳೇ ಗಾಡಿ ಹೇಗಿದೆ ಅಂತ ನೀವೇ ನೋಡಿಕೊಳ್ಳಬೇಕು, ಅಲ್ವಾ?

ಆ 38 ಸಾವಿರ ಮೈಲಿಯ ಗಾಡಿ ನೋಡಲೇಬೇಕು ಅಂತಿದ್ದರೆ ಟಾರ್ಚ್ ತಗೊಂಡು ಹೋಗಿ. ಹಳೇ ಬಟ್ಟೆ ಹಾಕಿಕೊಂಡು.