ವೋಟಿಲ್ಲದ ನಮಗೆ ಮೇಯ್ನ್ ಸೆನೇಟರ್ ಎಲೆಕ್ಷನ್ ಯಾಕೆ ಬೇಕು ಅಂತ ಕೇಳಿದ್ದೀರಲ್ಲ

ನೀವು ಕೇಳಿದ್ದು ಹೀಗೆ: "ಅಣ್ಣಾ, ಎಚ್‌1ಬಿ ಕೆಲಸದ ವೀಸಾ ಮೇಲೆ ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡಿಗೆ ಬಂದು ಇನ್ನೂ ಸ್ವಲ್ಪ ದಿನ ಆಗಿದೆ, ಟಿವಿ ಹಾಕಿದ್ರೆ ಸೆನೇಟರ್ ಸೂಸನ್ ಕಾಲಿನ್ಸ್ ಸೀಟಿನ ಎಲೆಕ್ಷನ್ ಜಾಹೀರಾತೇ, ಆಫೀಸಲ್ಲಿ ಒಬ್ರು ಕ್ಯಾಂಪೇನ್‌ಗೆ ಇಪ್ಪತ್ತು ಡಾಲರ್ ಕೊಡ್ತೀಯಾ ಅಂದ್ರು, ವೋಟೇ ಇಲ್ಲದ ನಮಗೆ ಇದೆಲ್ಲ ಯಾಕೆ?"

ಮೊದಲು ಆ ಇಪ್ಪತ್ತು ಡಾಲರ್ ವಿಷಯ. ಕೊಡಬೇಡಿ. ಫೆಡರಲ್ ಎಲೆಕ್ಷನ್‌ಗೆ ದುಡ್ಡು ಕೊಡೋಕೆ ಸಿಟಿಜನ್ ಆಗಿರಬೇಕು ಇಲ್ಲಾ ಗ್ರೀನ್ ಕಾರ್ಡ್ ಇರಬೇಕು, ಎಚ್‌1ಬಿಯವರು ಕೊಟ್ರೆ ಕಾನೂನಿಗೆ ವಿರುದ್ಧ, ಇನ್ನೊಬ್ಬರ ಹೆಸರಲ್ಲಿ ಕೊಡೋದೂ ತಪ್ಪು. ಸಂಬಳ ಇಲ್ಲದೆ ವಾಲಂಟಿಯರ್ ಆಗಿ ಕೆಲಸ ಮಾಡ್ಬಹುದು, ಸಭೆಗೆ ಹೋಗ್ಬಹುದು, ಪ್ರಶ್ನೆ ಕೇಳ್ಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಇನ್ನೊಂದು, ಇದನ್ನ ನಿಮ್ಮ ಮನೆಯವರಿಗೂ ಹೇಳಿ: ಬಿಎಂವಿಗೆ, ಅಂದ್ರೆ ಇಲ್ಲಿನ ಆರ್‌ಟಿಓಗೆ, ಲೈಸೆನ್ಸ್ ಮಾಡಿಸೋಕೆ ಹೋದಾಗ ವೋಟರ್ ರಿಜಿಸ್ಟ್ರೇಷನ್ ಪ್ರಶ್ನೆ ಬಂದ್ರೆ ನಾನು ಸಿಟಿಜನ್ ಅಲ್ಲ ಅಂತ ಸ್ಪಷ್ಟವಾಗಿ ಹೇಳಿ, ಅವಸರದಲ್ಲಿ ಏನೋ ಟಿಕ್ ಮಾಡಿ ಸಹಿ ಹಾಕ್ಬೇಡಿ. ಸಿಟಿಜನ್ ಅಂತ ಸುಳ್ಳು ದಾಖಲೆ ಆದ್ರೆ ಮುಂದೆ ಗ್ರೀನ್ ಕಾರ್ಡ್ ದಾರಿನೇ ಮುಚ್ಚಿಹೋಗಬಹುದು.

ಈಗ ಯಾಕೆ ಬೇಕು ಅನ್ನೋದು. ಮೇಯ್ನ್ ವಿಸ್ತೀರ್ಣ ಹತ್ತಿರ ಹತ್ತಿರ ಕರ್ನಾಟಕದ ಅರ್ಧ, ಜನ ನೋಡಿದ್ರೆ 2020ರ ಸೆನ್ಸಸ್ ಪ್ರಕಾರ ಸುಮಾರು 13.6 ಲಕ್ಷ, ನಮ್ಮ ಮೈಸೂರು ಜಿಲ್ಲೆಯ ಅರ್ಧದಷ್ಟೂ ಇಲ್ಲ. ನಮ್ಮ ರಾಜ್ಯಸಭೆಯಲ್ಲಿ ಜನಸಂಖ್ಯೆ ನೋಡಿ ಸೀಟು, ಕರ್ನಾಟಕಕ್ಕೆ 12, ಸಿಕ್ಕಿಂಗೆ 1. ಇಲ್ಲಿ ಸೆನೇಟಲ್ಲಿ, ಅಂದ್ರೆ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ, ಆ ಲೆಕ್ಕ ಇಲ್ಲ, ನಾಲ್ಕು ಕೋಟಿ ಹತ್ತಿರ ಇರೋ ಕ್ಯಾಲಿಫೋರ್ನಿಯಾಕ್ಕೂ ಎರಡು, ಮೇಯ್ನ್‌ಗೂ ಎರಡು. ನೀವೆಲ್ಲ ಕಾಯ್ತಾ ಕೂತಿರೋ ಆ ಗ್ರೀನ್ ಕಾರ್ಡ್ ಕ್ಯೂ, ವರ್ಷದ ಗ್ರೀನ್ ಕಾರ್ಡಲ್ಲಿ ಒಂದು ದೇಶಕ್ಕೆ 7 ಪರ್ಸೆಂಟ್ ಮಾತ್ರ ಅನ್ನೋ ಮಿತಿ, ಅದು ಕಾಂಗ್ರೆಸ್ ಅಂದ್ರೆ ಇಲ್ಲಿನ ಪಾರ್ಲಿಮೆಂಟ್ ಮಾಡಿದ ಕಾನೂನು. 2019ರಲ್ಲಿ ಆ ಮಿತಿ ತೆಗೆಯೋ ಬಿಲ್ ನಮ್ಮ ಲೋಕಸಭೆ ಥರದ ಹೌಸಲ್ಲಿ 365-65ರಲ್ಲಿ ಪಾಸಾಯ್ತು, ಆಮೇಲೆ ಸೆನೇಟಲ್ಲಿ ನಿಂತುಹೋಯ್ತು, 2020ರ ಡಿಸೆಂಬರಲ್ಲಿ ಸೆನೇಟ್ ತನ್ನದೇ ಬೇರೆ ರೂಪ ಪಾಸ್ ಮಾಡಿದ್ರೂ ಎರಡೂ ಸದನ ಒಂದು ರೂಪಕ್ಕೆ ಒಪ್ಪಲಿಲ್ಲ, ಬಿಲ್ ಅಲ್ಲಿಗೇ ಸತ್ತೋಯ್ತು. ಎಲ್ಲರ ಒಪ್ಪಿಗೆ ಮೇಲೆ ಪಾಸ್ ಮಾಡೋ ಬಿಲ್ಲುಗಳಲ್ಲಿ ಒಬ್ಬ ಸೆನೇಟರ್ ಬೇಡ ಅಂದ್ರೂ ಸಾಕು, ಮುಂದಕ್ಕೆ ಹೋಗಲ್ಲ. ಹಾಗಾಗಿ ನೂರು ಜನರಲ್ಲಿ ನಿಮ್ಮ ರಾಜ್ಯದ ಆ ಇಬ್ಬರು ಯಾರು ಅನ್ನೋದು ನಿಮ್ಮ ಜೀವನದ ವಿಷಯನೇ, ವೋಟಿರಲಿ ಬಿಡಲಿ.

ಇಲ್ಲಿನ ಜನ ಹೇಗೆ ಯೋಚನೆ ಮಾಡ್ತಾರೆ ಅಂತ ತಿಳಿಬೇಕಾದ್ರೆ 2020ರ ಎಲೆಕ್ಷನ್ ತಿಳ್ಕೊಳ್ಳಿ. ಕಾಲಿನ್ಸ್ ರಿಪಬ್ಲಿಕನ್ ಪಾರ್ಟಿಯವರು, 1996ರಲ್ಲಿ ಮೊದಲ ಸಲ ಗೆದ್ದವರು, ಮೇಲೆ ಕೆನಡಾ ಗಡಿ ಕಡೆ ಆಲೂಗಡ್ಡೆ ಬೆಳೆಯೋ ಕ್ಯಾರಿಬು ಊರಿನವರು, ಅಪ್ಪ ಅಮ್ಮ ಇಬ್ಬರೂ ಆ ಊರಿನ ಮೇಯರ್ ಆಗಿದ್ದವರು. 2017ರಲ್ಲಿ ಒಬಾಮಾ ಕೇರ್ ಅನ್ನೋ ಆರೋಗ್ಯ ವಿಮೆ ಕಾನೂನು ತೆಗೆದುಹಾಕೋ ಬಿಲ್ಲಿಗೆ ತಮ್ಮ ಪಾರ್ಟಿ ವಿರುದ್ಧ ವೋಟ್ ಹಾಕಿ ಬಂದಾಗ ಬ್ಯಾಂಗೋರ್ ಏರ್‌ಪೋರ್ಟಲ್ಲಿ ಜನ ಚಪ್ಪಾಳೆ ತಟ್ಟಿದ್ರು. ಮಾರನೇ ವರ್ಷ ಟ್ರಂಪ್ ಆರಿಸಿದ ಜಡ್ಜ್ ಕ್ಯಾವನಾ ಅವರನ್ನ ಸುಪ್ರೀಂ ಕೋರ್ಟಿಗೆ ಹಾಕೋಕೆ ಹೂಂ ಅಂದ್ರು ನೋಡಿ, ಅಲ್ಲಿಂದ ಅರ್ಧ ರಾಜ್ಯಕ್ಕೆ ಸಿಟ್ಟು. ಎದುರಿಗೆ ನಿಂತವರು ಡೆಮಾಕ್ರಟಿಕ್ ಪಾರ್ಟಿಯ ಸಾರಾ ಗಿಡಿಯನ್, ನಮ್ಮ ವಿಧಾನಸಭೆ ಥರದ ಮೇಯ್ನ್ ಹೌಸಿನ ಸ್ಪೀಕರ್, ಅವರ ತಂದೆ ಭಾರತದಿಂದ ವಲಸೆ ಬಂದವರು, ಅದು ಕೇಳಿ ನಮ್ಮ ಮನೇಲೆಲ್ಲ ಒಂಥರಾ ಖುಷಿ. ಗಿಡಿಯನ್‌ಗೆ ದೇಶದ ಎಲ್ಲ ಕಡೆಯಿಂದ ದುಡ್ಡು ಹರಿದು ಬಂತು, ಏಳು ಕೋಟಿ ಡಾಲರ್‌ಗೂ ಜಾಸ್ತಿ, ಕಾಲಿನ್ಸ್ ಎತ್ತಿದ್ದು ಅದರ ಅರ್ಧಕ್ಕಿಂತ ಕಮ್ಮಿ. ಪೋಲ್‌ಗಳಲ್ಲೂ ಬಹುತೇಕ ಗಿಡಿಯನ್ನೇ ಮುಂದೆ. ಟಪಾಲು ಡಬ್ಬಿ ತೆಗೆದ್ರೆ ದಿನಾ ಮಿರಿಮಿರಿ ಕಾರ್ಡುಗಳು, ಒಂದು ಕಡೆಯವರದ್ದು ಎರಡು, ಇನ್ನೊಂದು ಕಡೆಯವರದ್ದು ಮೂರು, ಕರೆಂಟ್ ಬಿಲ್ ಅದರ ಮಧ್ಯ ಹುಡುಕಬೇಕಿತ್ತು.

ರಿಸಲ್ಟ್ ಬಂದಾಗ ಕಾಲಿನ್ಸ್ 51 ಪರ್ಸೆಂಟ್, ಗಿಡಿಯನ್ 42 ಚಿಲ್ಲರೆ. ಅದೇ ದಿನ ಅದೇ ಜನ ಪ್ರೆಸಿಡೆಂಟ್ ಎಲೆಕ್ಷನಲ್ಲಿ ಡೆಮಾಕ್ರಟಿಕ್ ಪಾರ್ಟಿಯ ಬೈಡನ್‌ಗೆ ಮೇಯ್ನಲ್ಲಿ 9 ಪಾಯಿಂಟ್ ಲೀಡ್ ಕೊಟ್ಟಿದ್ರು! ಆ ವರ್ಷ ಇಡೀ ದೇಶದಲ್ಲಿ ಪ್ರೆಸಿಡೆಂಟ್‌ಗೆ ಒಂದು ಪಾರ್ಟಿ, ಸೆನೇಟ್‌ಗೆ ಇನ್ನೊಂದು ಪಾರ್ಟಿ ಅಂತ ಆರಿಸಿದ ರಾಜ್ಯ ಇದೊಂದೇ. ಇಲ್ಲಿ ರ್‍ಯಾಂಕ್ಡ್ ಚಾಯ್ಸ್ ಪದ್ಧತಿ ಇದೆ, ಅರ್ಧ ದಾಟದಿದ್ರೆ ಎರಡನೇ ಆಯ್ಕೆ ಎಣಿಸ್ತಾರೆ, ಅದೂ ಬೇಕಾಗಲಿಲ್ಲ. ಗಿಡಿಯನ್ ಕ್ಯಾಂಪೇನ್ ಖಾತೆಯಲ್ಲಿ ಇನ್ನೂ ಒಂದು ಕೋಟಿ ಡಾಲರ್ ಮೇಲೆ ಖರ್ಚಾಗದೆ ಉಳಿದಿತ್ತು.

ಅಷ್ಟೊತ್ತಿಗೆ ಸಿಟಿಜನ್ ಆಗಿದ್ದ ನಾನು ವೋಟ್ ಹಾಕಿದ್ದು ಗಿಡಿಯನ್‌ಗೆ, ಕೋರ್ಟ್ ವಿಷಯ ನನಗೆ ತುಂಬಾ ಮುಖ್ಯ. ಆದ್ರೆ ನಮ್ಮ ಬ್ರನ್ಸ್‌ವಿಕ್ ಮನೆ ಎದುರು ಒಬ್ರು ಯಜಮಾನ್ರು ಇದ್ದಾರೆ, ಬಾತ್ ಐರನ್ ವರ್ಕ್ಸಲ್ಲಿ ನೇವಿ ಹಡಗಿಗೆ ವೆಲ್ಡಿಂಗ್ ಮಾಡಿ ರಿಟೈರ್ ಆದವರು, ಅವರ ಅಂಗಳದಲ್ಲಿ ಬೈಡನ್ ಬೋರ್ಡು, ಅದರ ಪಕ್ಕದಲ್ಲೇ ಕಾಲಿನ್ಸ್ ಬೋರ್ಡು. ಇದು ಹೇಗೆ ಅಂತ ಕೇಳಿದೆ. ಅವರು ಹೇಳಿದ್ದು, ಆಯಮ್ಮ ಸರ್ಕಾರದ ದುಡ್ಡು ಹಂಚೋ ಅಪ್ರೋಪ್ರಿಯೇಷನ್ಸ್ ಕಮಿಟಿಲಿ ಕೂತು ನಮ್ಮ ಯಾರ್ಡಿಗೆ ಹಡಗಿನ ಆರ್ಡರ್ ಬರೋ ಹಾಗೆ ನೋಡ್ಕೊಂಡಿದ್ದಾರೆ, ನಮ್ಮ ಅಕ್ಕನ ಪೆನ್ಷನ್ ಕಾಗದ ಸಿಕ್ಕಾಕೊಂಡಾಗ ಅವರ ಆಫೀಸಿಂದ ಫೋನ್ ಮಾಡಿ ವಿಚಾರಿಸಿದ್ರು, ಟಿವಿಲಿ ಬಂದು ಅವರನ್ನ ಬೈಯೋರು ಯಾರು, ಎಲ್ಲಿಯವರು ಅಂತ ನನಗೆ ಗೊತ್ತಿಲ್ಲ. ಹೊರಗಿನ ದುಡ್ಡು ಬಂದಷ್ಟೂ ಇಲ್ಲಿನವರಿಗೆ ಅನುಮಾನ ಜಾಸ್ತಿ ಆಯ್ತು, ಇದು ನನ್ನ ಅಭಿಪ್ರಾಯ, ಆದ್ರೆ ಬೀದಿಲಿ ನಿಂತು ನೋಡಿದ ಮೇಲೆ ಬಂದ ಅಭಿಪ್ರಾಯ. ಸಣ್ಣ ರಾಜ್ಯದಲ್ಲಿ ಹಳೇ ಸೆನೇಟರನ್ನ ಸೋಲಿಸೋದು ಕಷ್ಟ ಅಂತಾರಲ್ಲ, ಅದಕ್ಕೆ ಹೆಸರು ಒಂದೇ ಕಾರಣ ಅಲ್ಲ, ವರ್ಷಾನುಗಟ್ಟಲೆ ಮನೆ ಮನೆಗೆ ಮಾಡಿಕೊಟ್ಟ ಇಂಥ ಚಿಲ್ಲರೆ ಕೆಲಸಗಳೂ ಕಾರಣ. ಹಾಗಂತ ಸೋಲೋದೇ ಇಲ್ಲ ಅಂತಲ್ಲ, ಇದೇ ಮೇಯ್ನಲ್ಲಿ ಮಾರ್ಗರೆಟ್ ಚೇಸ್ ಸ್ಮಿತ್ ಅಂತ ದೊಡ್ಡ ಹೆಸರಿನ ಸೆನೇಟರ್ 1972ರಲ್ಲಿ ಸೋತರು.

ಆ ಚಿಲ್ಲರೆ ಕೆಲಸ ನಿಮಗೂ ಸಿಗುತ್ತೆ, ನೀವು ವೋಟರ್ರೋ ಅಲ್ವೋ ಅಂತ ನೋಡಲ್ಲ, ಈ ರಾಜ್ಯದಲ್ಲಿ ವಾಸ ಇದ್ರೆ ಆಯ್ತು. ನಾನು ವೀಸಾ ಮೇಲಿದ್ದಾಗ ನನ್ನ ಒಂದು ಇಮಿಗ್ರೇಷನ್ ಫೈಲ್ ತಿಂಗಳುಗಟ್ಟಲೆ ಅಲ್ಲಾಡದೆ ಕೂತಿತ್ತು, ಊರಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ, ಹೋದ್ರೆ ವಾಪಸ್ ಬರೋಕೆ ಆಗುತ್ತಾ ಅಂತ ಗೊತ್ತಿಲ್ಲ, ರಾತ್ರಿ ನಿದ್ದೆ ಇರಲಿಲ್ಲ. ಕೊನೆಗೆ ಸೆನೇಟರ್ ಆಫೀಸಿಗೆ ಬರೆದೆ. ಒಬ್ಬ ಹುಡುಗಿ ಫೋನ್ ಮಾಡಿ ಪೂರ್ತಿ ಕಥೆ ಕೇಳಿ, ಒಂದು ಒಪ್ಪಿಗೆ ಫಾರಂ ಕಳಿಸಿ, ಆಮೇಲೆ ಏನಾಯ್ತು ಅಂತ ತಾನೇ ಮತ್ತೆ ಫೋನ್ ಮಾಡಿದ್ಳು. ಕ್ಯೂ ಮುರಿದು ಕೊಡಲ್ಲ, ಅಪ್ರೂವ್ ಮಾಡಿಸ್ತೀವಿ ಅಂತನೂ ಹೇಳಲ್ಲ, ಫೈಲ್ ಎಲ್ಲಿ ನಿಂತಿದೆ ಅಂತ ಅವರು ಕೇಳಿದ್ರೆ ಇಮಿಗ್ರೇಷನ್ ಆಫೀಸಿಂದ ಉತ್ತರ ಬರುತ್ತೆ. ನಮ್ಮಂಥವರಿಗೆ ಅಷ್ಟೇ ಎಷ್ಟೋ.

ಕಾಲಿನ್ಸ್ ಆಫೀಸು ಪೋರ್ಟ್‌ಲ್ಯಾಂಡಲ್ಲೇ ಇದೆ, ಇನ್ನೊಬ್ಬ ಸೆನೇಟರ್ ಆಂಗಸ್ ಕಿಂಗ್, ಇಂಡಿಪೆಂಡೆಂಟ್, ಅವರಿಗೂ ಬರೀಬಹುದು, ಆದ್ರೆ ಒಂದು ಕೆಲಸಕ್ಕೆ ಒಬ್ಬರ ಆಫೀಸು ಸಾಕು. ರಿಸೀಟ್ ನಂಬರ್, ಅರ್ಜಿ ಹಾಕಿದ ತಾರೀಕು, ಸಹಿ ಮಾಡಿದ ಒಪ್ಪಿಗೆ ಫಾರಂ ರೆಡಿ ಇಟ್ಕೊಳ್ಳಿ. ಎಲೆಕ್ಷನ್ 2026ರ ನವೆಂಬರ್ 3ಕ್ಕೆ, ಅದಕ್ಕೆ ಮುಂಚೆ ಡಿಬೇಟ್‌ಗಳಿದ್ರೆ ಕೂತು ನೋಡಿ, ಅಭ್ಯರ್ಥಿಗಳು ನಿಮ್ಮ ಕಡೆ ಬಂದ್ರೆ ಕೈ ಎತ್ತಿ ಆ 7 ಪರ್ಸೆಂಟ್ ಮಿತಿ ಬಗ್ಗೆ ನಿಮ್ಮ ನಿಲುವು ಏನು ಅಂತ ಕೇಳಿ, ಇಬ್ಬರಿಗೂ ಕೇಳಿ.