ಕೆಲಸದ ಅರ್ಜಿಯಲ್ಲಿ ಇನ್‌ಸ್ಟಾಗ್ರಾಮ್ ಖಾತೆಯ ವಿವರ ಕೇಳುವುದು ಸರಿಯೇ?

ಶಿವಮೊಗ್ಗದ ಕಂಪನಿಯೊಂದು ಅರ್ಜಿ ನಮೂನೆಯಲ್ಲೇ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಖಾತೆಗಳ ಹೆಸರು ಬರೆಯಲು ಹೇಳಿದೆ, ಹಾಗೆ ಕೇಳುವ ಹಕ್ಕು ಅವರಿಗಿದೆಯೇ, ಹಳೆಯ ಪೋಸ್ಟ್‌ಗಳನ್ನೆಲ್ಲ ಅಳಿಸಿಬಿಡಬೇಕೇ ಎಂದು ಕೇಳಿದ್ದೀರಿ. ನಾನು ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನೇಮಕಾತಿಯ ಕೆಲಸ ನೋಡಿಕೊಳ್ಳುವವನು. ಕೇಳುವುದನ್ನೇ ನೇರವಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಆದರೂ ಸಂದರ್ಶನ ನಡೆಸಿ ಆಯ್ಕೆ ಮಾಡುವವರು ಅಭ್ಯರ್ಥಿಯ ಖಾತೆಯನ್ನು ತೆರೆದು ನೋಡಲೇಬಾರದು ಎಂಬುದು ನನ್ನ ಅಭಿಪ್ರಾಯ.

ಊರೆಲ್ಲ ನೋಡಲಿ ಎಂದು ಹಾಕಿಕೊಂಡದ್ದನ್ನು ಕಂಪನಿಯವರು ನೋಡಿದರೆ ತಪ್ಪೇನು ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ನೋಡುವುದು ಕಳ್ಳತನವಲ್ಲ, ಒಪ್ಪುತ್ತೇನೆ. ಆದರೆ ಒಮ್ಮೆ ತಿಳಿದದ್ದನ್ನು ತಲೆಯಿಂದ ತೆಗೆದುಹಾಕಿ ಅಂಕ ಕೊಡುವುದು ಯಾರಿಂದಲೂ ಆಗದು. ನಮ್ಮ ಮಲೆನಾಡಿನಲ್ಲಿ ಇದೇನೂ ಹೊಸ ಚಾಳಿಯಲ್ಲ. "ಯಾವೂರು? ಯಾರ ಪೈಕಿ?" ಎಂದು ಆರಂಭವಾದರೆ ಮೂರನೆಯ ಪ್ರಶ್ನೆಯ ಹೊತ್ತಿಗೆ ಜಾತಿ, ಮನೆತನ, ಅಡಿಕೆ ತೋಟ ಎಷ್ಟಿದೆ ಎಂಬುದೆಲ್ಲ ಹೊರಬಿದ್ದಿರುತ್ತದೆ. ಆದರೆ ಅಲ್ಲಿ, ತನ್ನನ್ನು ಏನು ಕೇಳುತ್ತಿದ್ದಾರೆ ಎಂಬುದಾದರೂ ಅಭ್ಯರ್ಥಿಗೆ ಗೊತ್ತಿರುತ್ತದೆ, ಬೇಕಿದ್ದರೆ ನಕ್ಕು ಮಾತು ತೇಲಿಸಬಹುದು. ಫೋನಿನಲ್ಲಿ ಹುಡುಕುವಾಗ ಅವನಿಗೆ ಆ ಅವಕಾಶವೂ ಇಲ್ಲ.

ನಾನು ಹಿಂದೆ ಇದ್ದ ಫೌಂಡ್ರಿಯೊಂದರಲ್ಲಿ ಗುಣಮಟ್ಟ ತಪಾಸಣೆಯ ಹುದ್ದೆಗೆ ಡಿಪ್ಲೊಮಾ ಮುಗಿಸಿದ ಭದ್ರಾವತಿಯ ಹುಡುಗನೊಬ್ಬ ಸಂದರ್ಶನಕ್ಕೆ ಬಂದಿದ್ದ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟರೆ ಸರಿಯಾಗಿ ಅಳೆದು ತೋರಿಸಿದ, ಎರಕದಲ್ಲಿ ಗಾಳಿಗುಳ್ಳೆ ಏಕೆ ಬರುತ್ತದೆ ಎಂಬುದಕ್ಕೂ ತಡವರಿಸದೆ ಉತ್ತರ ಕೊಟ್ಟ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಧಿಕಾರಿಯೊಬ್ಬರು ಮೇಜಿನ ಕೆಳಗೆ ಫೋನ್ ಹಿಡಿದು ಅವನ ಫೇಸ್‌ಬುಕ್ ಪುಟ ತೆರೆದಿದ್ದರು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದ ಮೇಲೆ ಗುತ್ತಿಗೆ ಕಾರ್ಮಿಕರು ನಡೆಸಿದ ಧರಣಿಯಲ್ಲಿ ಅವನು ತಂದೆಯ ಜೊತೆ ಕುಳಿತ ಚಿತ್ರ ಅಲ್ಲಿತ್ತು. ಫೋನ್ ಕೈಯಿಂದ ಕೈಗೆ ಹೋಯಿತು. ಅದಾದ ನಂತರ ಎರಕದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. "ನಿಮ್ಮ ತಂದೆ ಏನ್ ಮಾಡ್ತಾರಪ್ಪ?", "ಯೂನಿಯನ್ ಗಿಯೂನಿಯನ್ ಅಂತ ಓಡಾಟ ಉಂಟಾ?" ಎಂಬಲ್ಲಿಗೆ ಮಾತು ತಿರುಗಿತು. ಕೊನೆಗೆ ಕಡತದಲ್ಲಿ ಬರೆದ ಕಾರಣ "ಅನುಭವ ಸಾಲದು" ಎಂದು. ಹೊಸಬರಿಗೆಂದೇ ಪ್ರಕಟಿಸಿದ್ದ ಹುದ್ದೆ ಅದು! ಅಪ್ಪನ ಕೆಲಸ ಹೋಗುವ ಹೊತ್ತಿನಲ್ಲಿ ಮಗ ಪಕ್ಕದಲ್ಲಿ ಕುಳಿತದ್ದು ಗುಣಮಟ್ಟ ತಪಾಸಣೆಗೆ ಹೇಗೆ ಅಡ್ಡ ಬರುತ್ತದೆ ಎಂದು ಆ ಕಡತ ಹೇಳುವುದಿಲ್ಲ, ಹುಡುಗನಿಗೂ ಯಾರೂ ಹೇಳಲಿಲ್ಲ.

ಪುಟ ನೋಡಿದರೆ ಮನುಷ್ಯನ ಗುಣ ತಿಳಿಯುತ್ತದೆ ಎನ್ನುವವರು ಅಮೆರಿಕದ ಎರಡು ಅಧ್ಯಯನಗಳನ್ನು ಗಮನಿಸಬೇಕು. 2016ರಲ್ಲಿ ಪ್ರಕಟವಾದ ಒಂದರಲ್ಲಿ, ಕೆಲಸ ಹುಡುಕುತ್ತಿದ್ದ 416 ವಿದ್ಯಾರ್ಥಿಗಳ ಫೇಸ್‌ಬುಕ್ ಪುಟಗಳಿಗೆ ನೇಮಕಾತಿ ಅನುಭವಿಗಳಿಂದ ಅಂಕ ಹಾಕಿಸಿ, ಮುಂದೆ ಕೆಲಸಕ್ಕೆ ಸೇರಿದವರ ಬಗ್ಗೆ ಮೇಲಧಿಕಾರಿಗಳು ಕೊಟ್ಟ ಅಂಕಗಳೊಡನೆ ಹೋಲಿಸಿದರು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ, ಮೇಲಾಗಿ ಪುಟ ನೋಡಿ ಹಾಕಿದ ಅಂಕಗಳು ಬಿಳಿಯರ ಕಡೆಗೆ ವಾಲಿದ್ದವು. ಇನ್ನೊಂದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಡೆ ಕಾಲ್ಪನಿಕ ಅರ್ಜಿಗಳನ್ನು ಕಳಿಸಿದ್ದರು. ಧರ್ಮದ ಸುಳಿವು ಅರ್ಜಿಯಲ್ಲಿರಲಿಲ್ಲ, ಜಾಲತಾಣದ ಪುಟದಲ್ಲಿ ಮಾತ್ರ ಇತ್ತು. ರಿಪಬ್ಲಿಕನ್ ಪಕ್ಷ ಪ್ರಬಲವಾಗಿರುವ ಕಡೆಗಳಲ್ಲಿ ಮುಸ್ಲಿಂ ಅಭ್ಯರ್ಥಿಗೆ ಕ್ರೈಸ್ತ ಅಭ್ಯರ್ಥಿಗಿಂತ ಕಡಿಮೆ ಕರೆಗಳು ಬಂದವು. ಗಣಪತಿ ಮೆರವಣಿಗೆಯದೋ ಈದ್ ನಮಾಜಿನದೋ ಒಂದು ಫೋಟೊ ನೋಡಿ ಜನರನ್ನು ಅಳೆಯುವ ಅಭ್ಯಾಸ ನಮ್ಮ ಊರಿನಲ್ಲಿ ಇಲ್ಲವೆಂದು ನಾನಂತೂ ಹೇಳಲಾರೆ.

ಹಾಗೆಂದು ಯಾವಾಗಲೂ ಕಣ್ಣು ಮುಚ್ಚಿಕೊಳ್ಳಬೇಕು ಎನ್ನುತ್ತಿಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಬಿಟ್ಟು ರೀಲ್ಸ್ ಮಾಡಿದವನನ್ನು ಶಾಲಾ ವಾಹನದ ಚಾಲಕನಾಗಿ ತೆಗೆದುಕೊಳ್ಳುವ ಮುನ್ನ ಯೋಚಿಸಬೇಕಾದದ್ದೇ. ಹೆಣ್ಣುಮಕ್ಕಳ ಬಗ್ಗೆ ಹೊಲಸು ಬರೆಯುವವರನ್ನು ಹಾಸ್ಟೆಲ್ ವಾರ್ಡನ್ ಮಾಡಲಾಗದು. ಅಂಥ ಹುದ್ದೆಗಳಿಗೆ ಪರಿಶೀಲನೆ ಬೇಕಿದ್ದರೆ ಆಯ್ಕೆಯಾದ ನಂತರ, ಸಂದರ್ಶನದಲ್ಲಿ ಇಲ್ಲದ ಬೇರೊಬ್ಬರು, ಹುದ್ದೆಗೆ ಸಂಬಂಧಿಸಿದ ವಿಷಯವನ್ನಷ್ಟೇ ನೋಡಿ ಬರೆದುಕೊಡಲಿ. ಕಂಡದ್ದನ್ನು ಅಭ್ಯರ್ಥಿಯ ಮುಂದಿಟ್ಟು ಅವರ ಉತ್ತರವನ್ನೂ ಕೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಮಂಜುನಾಥ ಎಂದು ಹುಡುಕಿದರೆ ಎಷ್ಟು ಖಾತೆಗಳು ಸಿಗುತ್ತವೆ, ಅವುಗಳಲ್ಲಿ ಎಷ್ಟಕ್ಕೆ ಸಿನಿಮಾ ನಟನ ಫೋಟೊ ಇರುತ್ತದೆ ಎಂಬುದನ್ನು ನೀವೇ ನೋಡಿ. ಕೆಲಸಕ್ಕೆ ಸಂಬಂಧಿಸಿದ್ದನ್ನಷ್ಟೇ, ಅಭ್ಯರ್ಥಿಗೆ ಮೊದಲೇ ತಿಳಿಸಿ ನೋಡಬೇಕೆಂದು ಯುರೋಪಿನ ದತ್ತಾಂಶ ರಕ್ಷಣಾ ಅಧಿಕಾರಿಗಳ ಮಂಡಳಿಯೂ 2017ರಲ್ಲಿ ಹೇಳಿತ್ತು.

ನಮ್ಮ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾತ್ರ, ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ತಾನೇ ಎಂಬುದನ್ನು ಇಲ್ಲಿ ಗಮನಿಸಬೇಕು. ಗೆಳೆಯನೊಬ್ಬ ನಿಮ್ಮನ್ನು ಟ್ಯಾಗ್ ಮಾಡಿ ಹಾಕಿದ ಚಿತ್ರಕ್ಕೂ, ನೀವು ಪ್ರೈವೇಟ್ ಮಾಡಿಟ್ಟ ಖಾತೆಗೂ ಆ ವಿನಾಯಿತಿ ಅನ್ವಯಿಸುತ್ತದೆ ಎಂದು ವಾದಿಸುವುದು ಕಷ್ಟ. ಪಾಸ್‌ವರ್ಡ್ ಕೇಳುವುದನ್ನಂತೂ ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2012ರಲ್ಲೇ ಕಾನೂನು ಮಾಡಿ ನಿಷೇಧಿಸಿತು.

ಇನ್ನು ನಿಮ್ಮ ಅರ್ಜಿಯ ವಿಷಯ. ಆ ಅಂಕಣದಲ್ಲಿ ಲಿಂಕ್ಡ್‌ಇನ್ ಖಾತೆ ಇದ್ದರೆ ಅದನ್ನು ಬರೆಯಿರಿ, ಇಲ್ಲದಿದ್ದರೆ ಖಾಲಿ ಬಿಡಿ. ಖಾತೆಯೇ ಇಲ್ಲವೆಂದು ಸುಳ್ಳು ಬರೆಯಬೇಡಿ, ನಾಳೆ ಅದೊಂದೇ ಕಾರಣಕ್ಕೆ ಕೈಬಿಟ್ಟರೆ ನಿಮ್ಮ ಪರ ಮಾತನಾಡಲು ಏನೂ ಉಳಿಯುವುದಿಲ್ಲ. ಎಲ್ಲವನ್ನೂ ಅಳಿಸುವ ಅಗತ್ಯವಿಲ್ಲ. ಹಳೆಯ ಪೋಸ್ಟ್‌ಗಳನ್ನು ಸ್ನೇಹಿತರಿಗೆ ಮಾತ್ರ ಕಾಣುವಂತೆ ಮಾಡಿ, ಬೇರೆಯವರು ಟ್ಯಾಗ್ ಮಾಡಿದ್ದನ್ನು ಒಮ್ಮೆ ನೋಡಿ, ಬೇಡವಾದದ್ದರಿಂದ ನಿಮ್ಮ ಹೆಸರು ತೆಗೆಯಿರಿ. ಸಂದರ್ಶನದಲ್ಲಿ ಫೋನ್ ತೆರೆದು ಕೊಡಲು ಹೇಳಿದರೆ, "ಸರ್, ಈ ಹುದ್ದೆಗೆ ಬೇಕಾದ ಮಾಹಿತಿ ಯಾವುದೆಂದು ಹೇಳಿ, ಅದನ್ನು ಬರೆದು ಕೊಡುತ್ತೇನೆ" ಎಂದು ಹೇಳಿ ಫೋನನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.